ಹೊರಡುವ ಊರಿನ ಹವೆ

ಪೀಣ್ಯದಲ್ಲಿ ನಾನು ಮಾಡುತ್ತಿದ್ದ ಕೆಲಸವನ್ನು ನೆಂಟರಿಗೆ ವಿವರಿಸಿ ಸಾಕಾಗಿ, ಕೊನೆಗೆ ‘ಕ್ವಾಲಿಟಿ’ ಎಂದು ಹೇಳಿ ಸುಮ್ಮನಾಗುತ್ತಿದ್ದೆ. ನಿಜವಾದ ಕೆಲಸ ಬೇರೆಯೇ ಇತ್ತು. ನಮ್ಮ ಕಾರ್ಖಾನೆ ಬೀದಿದೀಪಗಳನ್ನೂ ನೀರಿನ ಪಂಪುಗಳನ್ನೂ ನಡೆಸುವ ಸರ್ಕ್ಯೂಟುಗಳನ್ನು ಉಕ್ಕಿನ ಪೆಟ್ಟಿಗೆಯಲ್ಲಿ ಕೂರಿಸಿ ಮಾರುತ್ತಿತ್ತು. ಪ್ರತಿ ಆರ್ಡರಿನ ಜೊತೆ ಒಂದು ಹಾಳೆ ಹೋಗುತ್ತಿತ್ತು. ಪೆಟ್ಟಿಗೆ ಹೋಗಿ ನಿಲ್ಲುವ ಊರಿನಲ್ಲಿ ಬಿಸಿಲೆಷ್ಟು, ಧೂಳೆಷ್ಟು, ಮಳೆ ಯಾವ ತಿಂಗಳು, ಗಾಳಿಯಲ್ಲಿ ಉಪ್ಪಿದೆಯೇ, ಅದಕ್ಕೆ ಯಾವ ಬಣ್ಣ, ಯಾವ ರಬ್ಬರು, ಎಲ್ಲಿ ತೂತು, ಎಲ್ಲಿ ಮುಚ್ಚಳ ಎಂದೆಲ್ಲ ಅದರಲ್ಲಿ ಇರುತ್ತಿತ್ತು. ಅದಕ್ಕೆ ಹವೆ ಚೀಟಿ ಎಂದು ಹೆಸರು. ಅದನ್ನು ಬರೆಯುವವನು ನಾನು.

ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಭೂಗೋಳ ಓದಿದವನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದು ಕಷ್ಟ. ಅದಕ್ಕೆ ಮೊದಲು ವೈಟ್‌ಫೀಲ್ಡಿನ ಒಂದು ಗಾಜಿನ ಕಟ್ಟಡದಲ್ಲಿ ಕೂತು ನಾನು ಎಂದೂ ಕಾಲಿಡದ ದೇಶಗಳ ರಸ್ತೆಗಳನ್ನು ಕಂಪ್ಯೂಟರಿನಲ್ಲಿ ಗೆರೆ ಎಳೆದು ಸೇರಿಸುತ್ತಿದ್ದೆ. ಆಮೇಲೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅದೇ ಕೆಲಸ, ಇನ್ನೂ ದೊಡ್ಡ ಪರದೆಯ ಮೇಲೆ. ಎರಡು ಕಡೆಯೂ ಎರಡು ವರ್ಷ ದಾಟಲಿಲ್ಲ. ಪೀಣ್ಯದಲ್ಲಿ ಮಾತ್ರ ನನ್ನ ಓದು ಏಳು ಗಂಟೆಗೆ ಸೈರನ್ ಕೂಗಿದಾಗ ಎದ್ದು ನಿಂತು ಲಾರಿ ಹತ್ತಿ ಹೋಗುತ್ತಿತ್ತು. ಒಂದು ವಾರ ಜೈಸಲ್ಮೇರ್, ಮರುವಾರ ಲೇಹ್. ಒಮ್ಮೆ ಮಧ್ಯ ಏಷ್ಯಾದ ಹುಲ್ಲುಗಾವಲಿನ ಒಂದು ಪಟ್ಟಣಕ್ಕೆ ಹನ್ನೆರಡು ಪೆಟ್ಟಿಗೆ ಹೋದವು. ಆ ದಿನ ಊಟ ಬಿಟ್ಟು ಚೀಟಿ ಬರೆದೆ. ಯಾವ ಸಮುದ್ರವೂ ಹತ್ತಿರವಿಲ್ಲದ ಊರು ಅದು. ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಸಮುದ್ರದಿಂದ ದೂರವಾದಷ್ಟೂ ಬೇಸಿಗೆ ಮತ್ತು ಚಳಿಗಾಲದ ನಡುವಿನ ಅಂತರ ಹಿಗ್ಗುತ್ತದೆ. ಒಂದೇ ಪೆಟ್ಟಿಗೆ ಜುಲೈಯಲ್ಲಿ ರಾಯಚೂರನ್ನೂ ಜನವರಿಯಲ್ಲಿ ಐಸ್ ಪೆಟ್ಟಿಗೆಯನ್ನೂ ಅನುಭವಿಸಬೇಕು. ಆ ಚಳಿ ನಮ್ಮ ಕಡೆಗೆ ಯಾಕೆ ಇಳಿಯುವುದಿಲ್ಲ ಎಂದರೆ ನಡುವೆ ಹಿಮಾಲಯ ಅಡ್ಡ ಕೂತಿದೆ. ಅದೇ ಹಿಮಾಲಯ ಇತ್ತಲಿಂದ ಹೋಗುವ ಮಳೆ ಮೋಡವನ್ನೂ ತಡೆಯುತ್ತದೆ. ಅದಕ್ಕೇ ಅದರ ಈಚೆಯ ತಪ್ಪಲಿನ ಊರುಗಳ ಚೀಟಿಯಲ್ಲಿ ಬರೀ ನೀರು, ಲೇಹ್ ಚೀಟಿಯಲ್ಲಿ ಬರೀ ಬಿಸಿಲು ಮತ್ತು ಹಿಮ. ಒಂದು ಗೋಡೆ, ಎರಡು ಪಕ್ಕ, ಎರಡು ಲೋಕ. ಇದನ್ನೆಲ್ಲ ನಾನು ಪ್ಯಾಕಿಂಗ್ ಸಾಲಿನವರಿಗೆ ಕೈಬೀಸಿ ಹೇಳುತ್ತಿದ್ದೆ. ಅವರು ನನ್ನನ್ನು ಮ್ಯಾಪ್ ಸಾರ್ ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟಿತ್ತೋ ತಮಾಷೆಯೂ ಅಷ್ಟೇ ಇತ್ತು.

ಆ ಸಾಲಿನ ಕೊನೆಯಲ್ಲಿ ಪೆಟ್ಟಿಗೆಯ ಮುಚ್ಚಳ ಬಿಗಿಯುವ ಕೆಲಸ ರಾಯಚೂರು ಕಡೆಯ ಒಬ್ಬ ಹೆಂಗಸಿನದು. ವಯಸ್ಸು ಮೂವತ್ತೈದರ ಆಸುಪಾಸು. ಗಂಡ ಮಾದನಾಯಕನಹಳ್ಳಿಯ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ, ಅಲ್ಲೇ ಒಂದು ಕೋಣೆಯ ಬಾಡಿಗೆ ಮನೆ. ಒಂದು ಮುಚ್ಚಳಕ್ಕೆ ಹನ್ನೆರಡು ತಿರುಪು. ನಿಗದಿಯಾದ ಬಿಗಿ ಬಂದ ಕೂಡಲೇ ಅವಳ ಕೈಯ ಸ್ಪ್ಯಾನರ್ ‘ಟಿಕ್’ ಎನ್ನುತ್ತದೆ. ಟಿಕ್ ಎಂದ ಮೇಲೆ ತಿರುಪಿನ ತಲೆಯಿಂದ ಮುಚ್ಚಳದವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆಯಬೇಕು. ಆಮೇಲೆ ಯಾರಾದರೂ ತಿರುಪು ಸಡಿಲಿಸಿದರೆ ಗೆರೆ ಮುರಿಯುತ್ತದೆ. ಅವಳ ಗೆರೆಗಳನ್ನು ದೂರದಿಂದಲೇ ಗುರುತಿಸಬಹುದಿತ್ತು. ಎಲ್ಲವೂ ಒಂದೇ ಉದ್ದ, ಒಂದೇ ಓರೆ.

ಆರು ವರ್ಷದಿಂದ ಅವಳು ಗುತ್ತಿಗೆಯ ಮೇಲೆ ಇದ್ದಳು. ಪೀಣ್ಯದಲ್ಲಿ ಗುತ್ತಿಗೆ ಎಂದರೆ ಹನ್ನೊಂದು ತಿಂಗಳು ದುಡಿಮೆ, ಆಮೇಲೆ ಒಂದು ವಾರದ ‘ಬ್ರೇಕ್’. ಆ ವಾರ ನೀನು ಯಾರೂ ಅಲ್ಲ. ವಾರ ಕಳೆದು ಬಂದರೆ ಹೊಸ ಕಾರ್ಡು, ಹೊಸ ನಂಬರು, ಸೇವೆ ಮತ್ತೆ ಒಂದನೇ ದಿನದಿಂದ. ಬಂದಾಗ ಜಾಗ ಇರುತ್ತದೆ ಎಂಬ ಖಾತ್ರಿಯೂ ಇಲ್ಲ. ಆ ವರ್ಷ ಅವಳನ್ನು ಕಾಯಂ ಮಾಡುವ ಕಾಗದ ತಯಾರಾಗಿ ಮ್ಯಾನೇಜರರ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಜುಲೈ ಕೊನೆಯ ಶನಿವಾರದೊಳಗೆ ಸಹಿ ಆಗಬೇಕು. ಆಗದಿದ್ದರೆ ಸೋಮವಾರದಿಂದ ಅವಳಿಗೆ ಬ್ರೇಕ್.

ಅಂಥ ಹೊತ್ತಿನಲ್ಲಿ ಕರಾವಳಿಯಿಂದ ದೂರು ಬಂತು. ಒಂದು ಮೀನುಗಾರಿಕೆ ಬಂದರಿನ ದೀಪದ ಕಂಬಗಳಿಗೆ ನಾವು ಕಳಿಸಿದ್ದ ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧ ಒಳಗೆ ನೀರು ನಿಂತು ಕೆಟ್ಟಿದ್ದವು. ಅದೇ ತಿಂಗಳು ಜೈಸಲ್ಮೇರಿಗೆ ಹೋದ ಪೆಟ್ಟಿಗೆಗಳು ಚೆನ್ನಾಗಿದ್ದವು. ಇಲ್ಲಿ ಶವರಿನಡಿ ಇಟ್ಟು ಪರೀಕ್ಷಿಸಿದಾಗ ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಮ್ಯಾನೇಜರ್ ದೋಷದ ಫಾರಂ ತೆಗೆದು ಕಾರಣದ ಸಾಲಿನಲ್ಲಿ ‘ತಿರುಪು ಸರಿಯಾಗಿ ಬಿಗಿದಿಲ್ಲ’ ಎಂದು ಬರೆದು ಅವಳನ್ನು ಕರೆಸಿದರು. ನಾನೂ ಅಲ್ಲಿದ್ದೆ.

“ಸರ, ಹನ್ನೆರಡಕ್ಕ ಹನ್ನೆರಡೂ ಟಿಕ್ ಅನ್ನೋತನಕ ಬಿಗದೀನ್ರಿ,” ಎಂದಳು. “ಗೆರಿನೂ ಎಳದೀನಿ. ಬೇಕಾದ್ರ ಆ ಪೆಟಗಿ ವಾಪಸ್ ತರಸ್ರಿ. ಗೆರಿ ಮುರದಿದ್ರ ನಾನ ಕೆಲಸ ಬಿಟ್ಟು ಹೊಕ್ಕೀನಿ.”

“ಗೆರೆ ಮುರಿದಿಲ್ಲಮ್ಮ. ಫೋಟೊ ಕಳ್ಸಿದಾರೆ. ಆದ್ರೆ ಬಿಗಿ ಮಾಡ್ದೇನೂ ಗೆರೆ ಎಳೀಬಹುದಲ್ಲ.”

“ಎಳೀಬಹುದ್ರಿ. ಹಂಗಂದ್ರ ಸಹಿ ಹಾಕದೇನ ಸಂಬಳಾನೂ ತಗೋಬಹುದು. ಯಾರರ ಕೊಡ್ತಾರೇನ್ರಿ?”

ಮ್ಯಾನೇಜರ್ ನಗಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಸಾರ್ವಜನಿಕ ವಲಯದ ಒಂದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವರು, ಫಾರಂನಲ್ಲಿ ಒಂದು ಸಾಲು ಖಾಲಿ ಇದ್ದರೆ ನಿದ್ದೆ ಬಾರದವರು. ನಾನು ಆಗ ಬಾಯಿ ಹಾಕಿದೆ. “ಸಾರ್, ಆ ಲಾಟ್ ಬಿಗಿಯುವಾಗ ನಾನೇ ಪಕ್ಕದಲ್ಲಿ ನಿಂತಿದ್ದೆ. ಟಿಕ್ ಟಿಕ್ ಅಂತ ಕೇಳಿಸಿದೆ. ನಾನು ಸಾಕ್ಷಿ.”

ಹೇಳುವಾಗ ಆ ದೃಶ್ಯ ನನ್ನ ಕಣ್ಣೆದುರಿಗಿತ್ತು. ಬೆಳಗಿನ ಬಿಸಿಲು ಶೀಟಿನ ಸಂದಿಯಿಂದ ಅವಳ ಮೇಜಿನ ಮೇಲೆ ಬಿದ್ದಿತ್ತು, ಅವಳು ಹಸಿರು ಬಳೆ ಹಾಕಿದ್ದಳು, ನಾನು ಎಣಿಸುತ್ತಿದ್ದೆ. ಮ್ಯಾನೇಜರ್ ಹಾಜರಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಆ ಲಾಟ್ ಮುಚ್ಚಿದ ಎರಡೂ ದಿನ ನಾನು ಮಾರತ್ತಹಳ್ಳಿಯಲ್ಲಿ ಗ್ರಾಹಕರೊಬ್ಬರ ಮೀಟಿಂಗಿನಲ್ಲಿದ್ದೆ. ಟ್ಯಾಕ್ಸಿ ಬಿಲ್ಲು ಸಹ ಇತ್ತು.

ಬಿಸಿಲು ಯಾವ ದಿನದ್ದು, ಬಳೆ ಯಾವ ದಿನದ್ದು, ಇವತ್ತಿಗೂ ಗೊತ್ತಿಲ್ಲ. ನಾನು ಸುಳ್ಳು ಹೇಳಿರಲಿಲ್ಲ. ನನ್ನ ತಲೆ ಹೇಳಿತ್ತು, ನಾನು ನಂಬಿದ್ದೆ. ದೇವರನ್ನು, ಜಾತಕವನ್ನು, ಟೀವಿಯ ಹವಾಮಾನ ವರದಿಯನ್ನು ನಂಬದವನು ತನ್ನ ತಲೆಯನ್ನು ಮಾತ್ರ ಪ್ರಶ್ನಿಸದೆ ನಂಬಿಕೊಂಡು ಬಂದಿದ್ದೆ. ಹೊರಗೆ ಬಂದಾಗ ಅವಳು, “ಸರ, ಸಹಾಯ ಮಾಡಾಕ ಹೋಗಿ ನನ್ನ ಮಾತಿನ ತೂಕಾನೂ ಇಳಿಸಿಬಿಟ್ರಿ,” ಎಂದು ಹೇಳಿ ತನ್ನ ಮೇಜಿಗೆ ಹೋದಳು. ಅವಳು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಸೋಮವಾರ ಅದು. ಶನಿವಾರಕ್ಕೆ ಐದು ದಿನ.

ಮರುದಿನ ಊಟದ ಹೊತ್ತಿಗೆ ನಾನು ಅವಳ ಮೇಜಿನ ಹತ್ತಿರ ಹೋಗಿ ನಿಂತೆ. ತಪ್ಪಾಯಿತು ಎಂದು ಹೇಳುವುದಕ್ಕೆ ಹೋಗಿದ್ದೆ, ಬದಲಿಗೆ ಒಣ ಜೈಸಲ್ಮೇರಿನಲ್ಲಿ ಸರಿಯಿದ್ದದ್ದು ಕರಾವಳಿಯಲ್ಲಿ ಯಾಕೆ ಕೆಟ್ಟಿತು ಎಂದು ಒದರತೊಡಗಿದೆ. ಅವಳು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡಳು. ಪಕ್ಕದಲ್ಲಿದ್ದ ನೀರಿನ ಪ್ಲಾಸ್ಟಿಕ್ ಬಾಟಲಿ ಖಾಲಿ ಮಾಡಿ ಮುಚ್ಚಳ ತಿರುಗಿಸಿದಳು.

“ಇದು ಒಂದು ಗೊತ್ತೇನ್ರಿ ಸರ ನಿಮಗ? ಇಲ್ಲಿ ಹಿಂಗ ಖಾಲಿ ಬಾಟ್ಲಿ ಮುಚ್ಚಿ ಚೀಲದಾಗ ಇಟಗೊಂಡು ರಾತ್ರಿ ಗಾಡಿ ಹತ್ತತೀನಲ್ಲ, ಮುಂಜಾನೆ ರಾಯಚೂರಾಗ ತಗದ್ರ ಇದರ ಗಲ್ಲ ಒಳಗ ಹೋಗಿರ್ತಾವ. ಮುದುಕಿ ಮಾರಿ ಆದಂಗ.”

“ಯಾವಾಗಲೂ?”

“ಚಳಿಗಾಲದಾಗ ಭಾಳ. ಬ್ಯಾಸಗ್ಯಾಗ ಅಷ್ಟಿಲ್ಲ. ನಮ್ಮತ್ತಿ ಅಂತಾರ, ಬೆಂಗಳೂರಿನ ಬಾಟ್ಲಿಗೂ ನಮ್ಮೂರು ಬ್ಯಾಡಾಗೇತಿ ಅಂತ.”

ನಾನು ಕೂತೆ. ಕೂತದ್ದು ಅವಳ ತಿರುಪಿನ ಡಬ್ಬಿಯ ಮೇಲೆ ಎಂದು ಅವಳು ಆಮೇಲೆ ಹೇಳಿದಳು. ನನಗೆ ಕಾಣಿಸುತ್ತಿದ್ದದ್ದು ಎದುರು ಗೋಡೆಯ ಮೇಲಿದ್ದ ರಾಜ್ಯದ ನಕ್ಷೆ. ಅದರಲ್ಲಿ ಹಸಿರು ಕರಾವಳಿ, ಅದರ ಅಂಚಿಗೆ ಕಂದು ಬಣ್ಣದ ಘಟ್ಟ, ಘಟ್ಟದ ಈಚೆ ಹಳದಿ ಪ್ರಸ್ಥಭೂಮಿ, ಅದರ ಮೇಲೆ ನಾವು. ಬೆಂಗಳೂರು ಮೂರು ಸಾವಿರ ಅಡಿ ಎತ್ತರದಲ್ಲಿದೆ ಎಂದು ನಾನು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿಲ್ಲ. ಏಪ್ರಿಲಿನಲ್ಲೂ ಇಲ್ಲಿ ಸಂಜೆ ತಂಪಾಗುವುದು ಅದಕ್ಕೇ ಎಂದು ಎಷ್ಟು ಜನಕ್ಕೆ ಹೇಳಿಲ್ಲ. ಆದರೂ ಹೆಬ್ಬಾಳದ ಫ್ಲೈಓವರ್ ಏರಿದಾಗ ಎತ್ತರಕ್ಕೆ ಬಂದೆವು ಎನಿಸುತ್ತದೆಯೇ ಹೊರತು, ಮನೆಯಲ್ಲಿ ಕೂತಾಗ ನಾವು ಬೆಟ್ಟದ ಮೇಲೆ ಕೂತಿದ್ದೇವೆ ಎಂದು ಬೆಂಗಳೂರಿನವರಿಗೆ ಯಾರಿಗೂ ಅನಿಸುವುದಿಲ್ಲ. ನೆಲ ಚಪ್ಪಟೆಯಾಗಿದೆ, ಹಾಗಾಗಿ ನಾವು ನೆಲದಲ್ಲೇ ಇದ್ದೇವೆ ಎಂದುಕೊಂಡಿದ್ದೇವೆ.

ಎತ್ತರದ ಗಾಳಿ ತೆಳು. ಆ ತೆಳು ಗಾಳಿಯನ್ನು ಪೆಟ್ಟಿಗೆಯೊಳಗೆ ಹಾಕಿ, ಹನ್ನೆರಡು ತಿರುಪು ಬಿಗಿದು, ನಾವು ಸಮುದ್ರದ ದಡಕ್ಕೆ ಕಳಿಸುತ್ತಿದ್ದೆವು. ಅಲ್ಲಿನ ಗಾಳಿ ದಟ್ಟ. ಅದು ನಾಲ್ಕೂ ಕಡೆಯಿಂದ ಒಳಗೆ ತಳ್ಳುತ್ತದೆ. ಬಾಟಲಿಯಾದರೆ ಗಲ್ಲ ಒಳಗೆ ಹೋಗುತ್ತದೆ. ಉಕ್ಕು ಬಗ್ಗುವುದಿಲ್ಲ, ಆದ್ದರಿಂದ ವೈರು ಹೋಗುವ ಸಂದಿಯಲ್ಲೋ ರಬ್ಬರಿನ ಅಂಚಿನಲ್ಲೋ ಹೊರಗಿದ್ದದ್ದನ್ನು ಹೀರುತ್ತದೆ. ಜೈಸಲ್ಮೇರೂ ನಮಗಿಂತ ಕೆಳಗೇ. ಅಲ್ಲಿಯೂ ಪೆಟ್ಟಿಗೆ ಹೀರಿರಬೇಕು, ಆದರೆ ಹೀರಿದ್ದು ಒಣ ಗಾಳಿ. ಕರಾವಳಿಯಲ್ಲಿ ಜುಲೈಯಲ್ಲಿ ಹೊರಗಿರುವುದು ನೀರು. ಸಮುದ್ರದ ಮೋಡ ಘಟ್ಟಕ್ಕೆ ಡಿಕ್ಕಿ ಹೊಡೆದು ಅಲ್ಲೇ ಸುರಿಯುತ್ತದಲ್ಲ. ಜೊತೆಗೆ ಬಿಸಿಲು ಬಂದು ಕಾದ ಪೆಟ್ಟಿಗೆಯ ಮೇಲೆ ಒಮ್ಮೆಲೇ ಮಳೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಇನ್ನೊಂದು ಗುಟುಕು ಹೀರುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಬಾಟಲಿ ಕುಗ್ಗದಿರುವುದೂ ಅದಕ್ಕೇ. ಅಲ್ಲಿನ ಸೆಕೆ ಒಳಗಿನ ಗಾಳಿಯನ್ನು ಹಿಗ್ಗಿಸಿ ಸರಿದೂಗಿಸುತ್ತದೆ. ಇಷ್ಟನ್ನೂ ನಾನು ಒಂದೇ ಉಸಿರಿನಲ್ಲಿ ಹೇಳಿರಬೇಕು.

“ಹಂಗಾದ್ರ ನನ್ನ ಕೈ ಸರಿ ಐತಿ,” ಎಂದಳು ಅವಳು.

“ಸರಿ ಇದೆ ಅನ್ನೋದಷ್ಟೇ ಅಲ್ಲ. ನೀವು ಸ್ವಲ್ಪ ಸಡಿಲ ಬಿಟ್ಟಿದ್ದರೆ ದಾರಿಯಲ್ಲೇ ಗಾಳಿ ಒಳಗೆ ಬಂದು ಸಮವಾಗುತ್ತಿತ್ತು. ಬಿಗಿ ಮಾಡಿದ್ದಕ್ಕೇ ನೀರು ಹೋಗಿದೆ.”

“ಇದನ್ನ ಸಾಹೇಬ್ರ ಮುಂದ ಹೇಳಬ್ಯಾಡ್ರಿ ಮತ್ತ. ಬಿಗಿ ಮಾಡಿದ್ದಕ್ಕ ತಗದ ಹಾಕ್ಯಾರು.”

ಮ್ಯಾನೇಜರ್ ಕೇಳಿ, “ಥಿಯರಿ ಚೆನ್ನಾಗಿದೆ. ಪ್ರೂಫ್?” ಎಂದರು. ನನಗೂ ಬೇಕಿದ್ದದ್ದು ಅದೇ. ಈ ಸಲ ನನ್ನ ನೆನಪಿಗೆ ಯಾವ ಕೆಲಸವನ್ನೂ ಕೊಡಬಾರದು ಎಂದು ತೀರ್ಮಾನಿಸಿದ್ದೆ. ಬುಧವಾರ ಬೆಳಗ್ಗೆ ಮ್ಯಾನೇಜರರ ಎದುರಿಗೇ ಅವಳು ಎರಡು ಪೆಟ್ಟಿಗೆ ಬಿಗಿದಳು. ಒಂದು ಬಂದರಿಗೆ ಹೋದಂಥದ್ದೇ, ಎಲ್ಲ ತೂತು ಮುಚ್ಚಿದ್ದು. ಇನ್ನೊಂದರ ತಳದಲ್ಲಿ ಉಸಿರು ಬಿರಡೆ ಇತ್ತು. ಅದು ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ, ಗುಂಡಿಯಷ್ಟು ದೊಡ್ಡ ಬಿರಡೆ. ನಮ್ಮ ಬೇರೆಲ್ಲ ಪೆಟ್ಟಿಗೆಗಳಲ್ಲಿ ಇರುತ್ತಿತ್ತು, ಕರಾವಳಿಯದರಲ್ಲಿ ಮಾತ್ರ ಅದರ ಜಾಗಕ್ಕೆ ಗಟ್ಟಿ ಮುಚ್ಚಳ ಹಾಕಿದ್ದರು. ಎರಡರ ಒಳಗೂ ನೀಲಿ ಹರಳಿನ ಪೊಟ್ಟಣ ಇಟ್ಟೆವು. ತೇವ ತಗುಲಿದರೆ ಆ ಹರಳು ಗುಲಾಬಿಯಾಗುತ್ತದೆ. ಮುಚ್ಚಳದ ಅಂಚಿಗೆ ಕಾಗದದ ಪಟ್ಟಿ ಅಂಟಿಸಿ ಮ್ಯಾನೇಜರ್ ಸಹಿ ಹಾಕಿದರು. ಮೂರನೆಯದು ನನ್ನ ಆಸೆಯದು. ಪೀಣ್ಯದಲ್ಲಿ ಏನು ಕೇಳಿದರೂ ಪಕ್ಕದ ಓಣಿಯಲ್ಲಿ ಒಂದು ಗಂಟೆಯಲ್ಲಿ ಮಾಡಿಕೊಡುತ್ತಾರೆ. ಅಲ್ಲಿಂದ ಒಂದು ಪಾರದರ್ಶಕ ಮುಚ್ಚಳ ಕೊರೆಸಿ ತಂದೆ. ಅದಕ್ಕೊಂದು ತೂತು. ತೂತಿಗೆ ಒಂದು ಬಲೂನಿನ ಬಾಯಿಯನ್ನು ಹೊರಕ್ಕೆ ತೆರೆದಿರುವಂತೆ ಬಿಗಿದು, ಬಲೂನನ್ನು ಒಳಗಡೆ ಜೋಲು ಬಿಟ್ಟೆ. ಒಳಗಿನ ಗಾಳಿ ತೆಳುವಾಗಿ ಹೊರಗಿನದು ದಟ್ಟವಾದರೆ, ಅದು ಯಾರೂ ಊದದೆ ಊದಿಕೊಳ್ಳಬೇಕು.

ಗುರುವಾರ ಬೆಳಗ್ಗೆ ಬದಲಿ ಪೆಟ್ಟಿಗೆಗಳನ್ನು ಒಯ್ಯುವ ನಮ್ಮ ಮಿನಿ ಲಾರಿಯಲ್ಲಿ ಹೊರಟೆ. ಚಾಲಕ ನೆಲಮಂಗಲದ ಆಚೆಯ ಹಳ್ಳಿಯವನು. ಬಲೂನಿನ ಪೆಟ್ಟಿಗೆಯನ್ನು ನಾನು ತೊಡೆಯ ಮೇಲೆ ಇಟ್ಟುಕೊಂಡದ್ದನ್ನು ನೋಡಿ, “ಯಾರ್ದ್ ಸಾರ್ ಬರ್ತ್‌ಡೇ?” ಎಂದ.

“ಇದು ಘಾಟಿಯಲ್ಲಿ ತಾನೇ ಊದಿಕೊಳ್ಳತ್ತೆ, ನೋಡ್ತಿರು.”

“ಅಂಗಾರೆ ನಮ್ ಓನರ್ ಟೈರ್‌ಗೂ ಗಾಳಿ ಇಡ್ಸದ್ ಬ್ಯಾಡ ಅಂತಾರೆ. ಜೋರಾಗ್ ಏಳ್ಬೇಡಿ.”

ಕುಣಿಗಲ್ ದಾಟುವವರೆಗೆ ರಾಗಿ ಹೊಲಗಳ ಮೇಲೆ ಮೋಡಗಳು ಓಡುತ್ತಿದ್ದವು, ನಿಲ್ಲುತ್ತಿರಲಿಲ್ಲ. ಘಟ್ಟದ ಮೇಲೆ ಹೊರೆ ಇಳಿಸಿ ಖಾಲಿ ಕೈಯಲ್ಲಿ ಬರುವ ಮೋಡಗಳು ಅವು. ಹಾಸನ ಬಂದಾಗ ಗಾಜಿನ ಮೇಲೆ ತುಂತುರು. ಸಕಲೇಶಪುರದಲ್ಲಿ ಎದುರಿನ ಲಾರಿ ಕಾಣದಂಥ ಮಳೆ. ಬೆಳಗ್ಗೆ ಧೂಳಿನಲ್ಲಿ ಹೊರಟವರು ಮಧ್ಯಾಹ್ನಕ್ಕೆ ಬೇರೆ ಯಾವುದೋ ದೇಶಕ್ಕೆ ಬಂದಂತಿತ್ತು. ಆದರೂ ನನ್ನ ಬಲೂನು ಒದ್ದೆ ಕಾಲುಚೀಲದಂತೆ ಜೋತೇ ಇತ್ತು. ಚಾಲಕ ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿದ. ನನಗೆ ಮಾತ್ರ ಖುಷಿ ತಡೆಯಲಾಗಲಿಲ್ಲ. ಸಕಲೇಶಪುರವೂ ಪೀಣ್ಯವೂ ಹೆಚ್ಚುಕಡಿಮೆ ಒಂದೇ ಎತ್ತರ. ಹವೆ ಇಷ್ಟು ಬದಲಾದರೂ ಗಾಳಿಯ ಒತ್ತಡ ಬದಲಾಗಿಲ್ಲ. ಬಲೂನು ಸುಮ್ಮನಿರಲೇಬೇಕಿತ್ತು.

ಘಾಟಿ ಇಳಿಯತೊಡಗಿದೆವು. ಮೊದಲ ತಿರುವುಗಳಲ್ಲಿ ಏನೂ ಇಲ್ಲ. ನನ್ನ ಕಿವಿ ಮುಚ್ಚಿಕೊಂಡು ‘ಪಟ್’ ಎಂದು ಬಿಟ್ಟಿತು. ಇನ್ನೂ ನಾಲ್ಕೈದು ತಿರುವು. ಬಲೂನಿನ ಸುಕ್ಕು ಒಂದು ಕಡೆ ನೆಟ್ಟಗಾಯಿತು. ಗಾಡಿಯ ಕುಲುಕಾಟ ಇರಬಹುದು ಎಂದುಕೊಂಡೆ. ಮುಂದೆ ಯಾವುದೋ ಟ್ಯಾಂಕರ್ ಸಿಕ್ಕಿಕೊಂಡು ಸಾಲು ನಿಂತಿತು, ಚಾಲಕ ಇಂಜಿನ್ ಆರಿಸಿದ. ಗಾಡಿ ಅಲುಗದಿದ್ದರೂ ಸುಕ್ಕು ಮತ್ತೆ ಬರಲಿಲ್ಲ. ಸಾಲು ಕದಲಿ ಇನ್ನಷ್ಟು ಇಳಿದಾಗ ಬಲೂನಿನ ತುದಿ ಒಮ್ಮೆಲೇ ನಿಂಬೆಕಾಯಿಯಷ್ಟಾಯಿತು.

ಚಾಲಕ ಬ್ರೇಕ್ ತುಳಿದ. “ಸಾರ್, ಊದ್ಬುಟ್ರಾ?”

“ನನ್ನ ಬಾಯಿ ನೋಡು. ಬಿಸ್ಕತ್ತು ಇದೆ.”

“ಇಂಗೂ ಆಯ್ತದಾ. ಏಟೋ ವರ್ಷದಿಂದ ಈ ಘಾಟಿ ಇಳೀತಾ ಇವ್ನಿ, ಕಿವಿ ಕಟ್ಕಳದೊಂದೇ ಗೊತ್ತಿದ್ದಿದ್ದು.” ಆಮೇಲೆ ಅವನೇ ಪ್ರತಿ ತಿರುವಿಗೂ, “ಈಗ ಎಂಗಿದೆ ಸಾರ್?” ಎಂದು ಕೇಳತೊಡಗಿದ. ಕೆಳಗೆ ಸೇತುವೆ ದಾಟಿ ಸಮತಟ್ಟಾದ ರಸ್ತೆ ಸಿಕ್ಕಾಗ ಬಲೂನು ಕಿತ್ತಳೆಯಷ್ಟಾಗಿತ್ತು, ಕೆಂಪಗೆ ಹೊಳೆಯುತ್ತಿತ್ತು. ಚಹಾದಂಗಡಿಯಲ್ಲಿ ಅವನು ಪೆಟ್ಟಿಗೆಯನ್ನು ಕೈಯಲ್ಲಿ ಎತ್ತಿ ಹಿಡಿದು ಅಂಗಡಿಯವರಿಗೆ ನನಗಿಂತ ಚೆನ್ನಾಗಿ ಪಾಠ ಹೇಳಿದ. “ಇದ್ರೊಳ್ಗಿರದು ಬೆಂಗ್ಳೂರ್ ಗಾಳಿ, ಲೈಟು. ನಿಮ್ದು ಎವಿ. ನಿಮ್ ಗಾಳಿ ನುಗ್ತಾ ಅದೆ.” ಅಂಗಡಿಯವರು, ಬೆಂಗಳೂರಿನವರೇ ಲೈಟು, ಗಾಳಿ ಇನ್ನೇನು ಎಂದರು.

ಬಂದರಿನಲ್ಲಿ ಎರಡು ಉಕ್ಕಿನ ಪೆಟ್ಟಿಗೆಗಳನ್ನೂ ಒಂದೇ ಕಂಬಕ್ಕೆ ಅಕ್ಕಪಕ್ಕ ಕಟ್ಟಿ ಬಂದೆವು. ಮರುದಿನ ಶುಕ್ರವಾರ ಹತ್ತು ಗಂಟೆಗೆ ಮಳೆ ನಿಂತಾಗ ಇಳಿಸಿದೆವು. ಚಾಲಕ ಫೋನು ಹಿಡಿದ. ಪರದೆಯ ಆ ತುದಿಯಲ್ಲಿ ಮ್ಯಾನೇಜರ್, ಅವರ ಹೆಗಲ ಹಿಂದೆ ಅವಳು. ಕಾಗದದ ಪಟ್ಟಿಯ ಮೇಲಿನ ಸಹಿ ತೋರಿಸಿದೆ, ಹಳದಿ ಗೆರೆಗಳನ್ನು ಒಂದೊಂದಾಗಿ ತೋರಿಸಿದೆ. ಬಿರಡೆ ಇದ್ದ ಪೆಟ್ಟಿಗೆ ಮೊದಲು. ಒಳಗೆ ಒಣಗಿತ್ತು, ಹರಳು ನೀಲಿಯಾಗಿಯೇ ಇತ್ತು. ಎರಡನೆಯದರ ತಿರುಪು ಬಿಚ್ಚುವುದಕ್ಕೆ ನನಗೆ ಬೆವರಿಳಿಯಿತು, ಅಷ್ಟು ಬಿಗಿ. ಮುಚ್ಚಳ ಎತ್ತಿದಾಗ ತಳದಲ್ಲಿ ನೀರು, ನೀರಿನಲ್ಲಿ ಪೊಟ್ಟಣ, ಪೊಟ್ಟಣದೊಳಗೆ ಹರಳು ಮದುವೆ ಮನೆಯ ಗುಲಾಬಿ. ನನ್ನ ನೆನಪಿನಲ್ಲಿ ಆ ನೀರು ಎರಡು ಲೋಟದಷ್ಟಿದೆ. ವಿಡಿಯೊದಲ್ಲಿ ಅರ್ಧ ಲೋಟ. ವಿಡಿಯೊವನ್ನೇ ನಂಬಿ.

ನಾನು ಕುಣಿಯುವುದೊಂದು ಬಾಕಿ. ಫೋನಿನಲ್ಲಿ ಮ್ಯಾನೇಜರ್ ಮುಖವನ್ನು ಪರದೆಯ ಹತ್ತಿರ ತಂದು ನೀರು ನೋಡಿದರು. ಆಮೇಲೆ, “ಸರಿ, ತಿರುಪಲ್ಲ,” ಎಂದರು. “ಹಾಗಾದ್ರೆ ಕೋಸ್ಟ್ ಲಾಟ್‌ಗೆ ಬಿರಡೆ ಬೇಡ ಅಂತ ಹೇಳಿದ್ದು ಯಾರು?”

“ನೀವೇ ಸಾರ್. ಡಿಸ್ಪ್ಯಾಚ್ ಬಾಗಿಲಲ್ಲಿ ನಿಂತು, ಅಲ್ಲಿ ಮಳೆ ಜಾಸ್ತಿ, ಎಲ್ಲ ಮುಚ್ಚಿಬಿಡಿ ಅಂದ್ರಿ. ನಾನು ಮುಚ್ಚೋದು ಬೇಡ ಅಂದೆ.”

ಹೇಳುವಾಗ ಅವರ ಚೌಕಳಿ ಅಂಗಿ, ಬಾಗಿಲ ಚೌಕಟ್ಟಿಗೆ ಒರಗಿದ ಕೈ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಹಸಿರು ಬಳೆಯೂ ಅಷ್ಟೇ ಸ್ಪಷ್ಟವಾಗಿತ್ತು.

“ಬಂದು ಫೈಲ್ ನೋಡಿ,” ಎಂದರು ಅವರು.

ಶನಿವಾರ ಬೆಳಗ್ಗೆ ಸೈರನ್ನಿಗಿಂತ ಮೊದಲೇ ಹೋಗಿ ಫೈಲ್ ತೆಗೆದೆ. ಬಂದರಿನ ಹವೆ ಚೀಟಿ. ಮಳೆ: ಅತಿ ಹೆಚ್ಚು. ಉಪ್ಪು: ಹೆಚ್ಚು. ಕೆಳಗೆ, ‘ಉಸಿರು ಬಿರಡೆ ಬೇಡ, ಎಲ್ಲ ತೂತು ಮುಚ್ಚುವುದು’. ಅಕ್ಷರ ನನ್ನದು. ‘ಚ್ಚು’ವಿನ ಬಾಲ ಎಳೆಯುವ ನನ್ನ ಕೆಟ್ಟ ಚಾಳಿ ಸಹಿತ. ಅದರ ಕೆಳಗೆ ಮ್ಯಾನೇಜರರ ಕೈಬರಹದಲ್ಲಿ ಒಂದು ಪ್ರಶ್ನೆ: ‘ಬಿರಡೆ ಬೇಡವೇ? ಖಚಿತವೇ?’ ಅದರ ಕೆಳಗೆ ಮತ್ತೆ ನಾನು: ‘ಖಚಿತ.’ ಕೊನೆಗೆ ಅವರ ಸಹಿ.

ಅಂದರೆ ಆ ಸಂಭಾಷಣೆ ನಡೆದದ್ದು ಹೌದು. ನನ್ನ ತಲೆ ಮಾತುಗಳನ್ನು ಉಳಿಸಿಕೊಂಡು, ಆಡಿದವರನ್ನು ಮಾತ್ರ ಅದಲುಬದಲು ಮಾಡಿತ್ತು. ಇಡೀ ಖಂಡದ ಹವೆಯನ್ನು ಬರೆದವನು ನಾನು. ಪೆಟ್ಟಿಗೆ ಹೋಗುವ ಊರಿನ ಬಿಸಿಲು, ಮಳೆ, ಹಿಮ, ಉಪ್ಪು ಎಲ್ಲ ಬರೆದಿದ್ದೆ. ಅದು ಹೊರಡುವ ಊರಿನ ಹವೆಗೆ ನನ್ನ ಚೀಟಿಯಲ್ಲಿ ಒಂದು ಅಂಕಣವೂ ಇರಲಿಲ್ಲ. ಪೀಣ್ಯವೂ ಒಂದು ಭೂಗೋಳ ಎಂದು ನನಗೆ ಹೊಳೆದಿರಲಿಲ್ಲ.

ಮ್ಯಾನೇಜರ್ ಬಂದಾಗ ಚೀಟಿಯನ್ನು ಅವರ ಮೇಜಿನ ಮೇಲೆ ಇಟ್ಟೆ. ಅವರು ಗೆದ್ದ ಮುಖ ಮಾಡಲಿಲ್ಲ. “ನಾನೂ ಸಹಿ ಹಾಕಿದೀನಲ್ಲ,” ಎಂದರು. “ಡಿಸೈನ್ ಪ್ರಾಬ್ಲಮ್ ಅಂತ ಬರೆಯೋಣ. ಯಾರ ಹೆಸರೂ ಬೇಡ. ಕಮಿಟಿ ನೋಡತ್ತೆ.”

“ಕಮಿಟಿ ಯಾವಾಗ ಕೂರತ್ತೆ ಸಾರ್?”

“ಮುಂದಿನ ಕ್ವಾರ್ಟರ್.”

“ಅಲ್ಲೀವರೆಗೆ ಫಾರಂ?”

“ಓಪನ್ ಇರತ್ತೆ.”

“ಫಾರಂ ಓಪನ್ ಇದ್ದರೆ ಆಕೆಯ ಕಾಗದಕ್ಕೆ ಸಹಿ?”

ಅವರು ಕನ್ನಡಕ ತೆಗೆದು ಒರೆಸಿದರು. ಫಾರಂ ಮುಚ್ಚದೆ ಅವಳ ಕಾಗದಕ್ಕೆ ಸಹಿ ಬೀಳುವಂತಿರಲಿಲ್ಲ. ಸೋಮವಾರ ಅವಳ ಕಾರ್ಡು ಗೇಟಿನಲ್ಲಿ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಪೆನ್ನು ತೆಗೆದು, ‘ತಿರುಪು ಸರಿಯಾಗಿ ಬಿಗಿದಿಲ್ಲ’ ಎಂಬ ಸಾಲನ್ನು ಹೊಡೆದು ಹಾಕಿದೆ. ಅದರ ಮೇಲೆ ಬರೆದೆ: ‘ಹವೆ ಚೀಟಿ ಬರೆದವರು ಬೆಂಗಳೂರಿನ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.’ ಕೆಳಗೆ ಸಹಿ, ನನ್ನ ನಂಬರು. ಬಂದರಿನ ವಿಡಿಯೊ ಮತ್ತು ಚೀಟಿಯ ಪ್ರತಿ ಲಗತ್ತಿಸಿದೆ. ಫಾರಂ ಮುಚ್ಚಿತು. ಅವರು ಅವಳ ಕಾಗದ ಎಳೆದುಕೊಂಡು ಸಹಿ ಹಾಕುವ ಮೊದಲು ಕೇಳಿದರು, “ಈ ವರ್ಷದ ನಿಮ್ಮ ರೇಟಿಂಗ್ ಏನಾಗತ್ತೆ ಗೊತ್ತಲ್ಲ?”

“ಗೊತ್ತು ಸಾರ್.”

ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ರೇಟಿಂಗ್ ನನ್ನ ತಲೆಯಲ್ಲಿರಲಿಲ್ಲ. ಲೇಹ್‌ಗೆ ಹೋಗುವ ಪೆಟ್ಟಿಗೆಯಲ್ಲಿ ಬಿರಡೆ ಇಲ್ಲದಿದ್ದರೆ ಬಲೂನು ಹೊರಗಡೆಗೆ ಎಷ್ಟು ದೊಡ್ಡದಾಗಿ ಉಬ್ಬುತ್ತದೆ ಎಂದು ಯೋಚಿಸುತ್ತಿದ್ದೆ. ಹೀಗೆ ಯೋಚಿಸುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಹೆದರಿಕೊಂಡಿದ್ದರೂ ಇರಬಹುದು.

ಕಾಗದವನ್ನು ನಾನೇ ಒಯ್ದು ಕೊಟ್ಟೆ. ಅವಳು ಕೈ ಒರೆಸಿಕೊಂಡು ತೆಗೆದುಕೊಂಡಳು. ಮೂರು ಪುಟ ಇಂಗ್ಲಿಷು.

“ಓದ್ರಿ ಸರ.”

ನಾನು ಕನ್ನಡದಲ್ಲಿ ಹೇಳುತ್ತ ಓದಿದೆ. ಅವಳು ಪ್ರತಿ ಪುಟದ ಕೊನೆಗೂ ಒಂದೇ ಪ್ರಶ್ನೆ ಕೇಳಿದಳು. “ಬ್ರೇಕ್ ಅಂತ ಎಲ್ಲೂ ಇಲ್ಲಲ್ರಿ?”

“ಇಲ್ಲ.”

“ಕಾರ್ಡ್ ನಂಬರ್ ಬದಲಾಗಂಗಿಲ್ಲ?”

“ಇನ್ನು ಬದಲಾಗೋದಿಲ್ಲ. ಕೊನೆವರೆಗೂ ಇದೇ.”

ಅವಳು ಆ ನಂಬರನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಬಾಯಲ್ಲಿ ಹೇಳಿಕೊಂಡಳು. ಆಮೇಲೆ ಕಾಗದವನ್ನು ಮಡಚದೆ, ಎರಡೂ ಕೈಯಲ್ಲಿ ಚಪ್ಪಟೆಯಾಗಿ ಹಿಡಿದು, ಮೆಟ್ಟಿಲ ಹತ್ತಿರದ ಲೆಕ್ಕಪತ್ರದ ಕೋಣೆಯ ಕಡೆಗೆ ಹೊರಟಳು.

“ಎಲ್ಲಿಗೆ?” ಎಂದೆ.

“ಒಳಗಿನ ಮೇಡಂ ಕಡೆ ಇನ್ನೊಮ್ಮೆ ಓದಿಸಿಕೊಂಡು ಬರ್ತೀನ್ರಿ. ಬ್ಯಾಸರ ಮಾಡಕೋಬ್ಯಾಡ್ರಿ. ನೀವು ಛಲೋ ಮನುಷ್ಯಾರು, ಅದ್ರಾಗ ಅನುಮಾನ ಇಲ್ಲ. ಆದ್ರ ನೀವು ಕಂಡೀನಿ, ಕೇಳೀನಿ ಅಂದದ್ದನ್ನ ಇನ್ನೊಬ್ರೂ ಒಮ್ಮಿ ನೋಡೂದು ಛಲೋ.”

ಬಾಗಿಲಾಚೆಯಿಂದ ಆ ಮೇಡಂ ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದ್ದು ಕೇಳಿಸಿತು. ನಾನೂ ಹೋಗಿ ಬಾಗಿಲ ಬಳಿ ನಿಂತು ಕೇಳಿಸಿಕೊಂಡೆ, ಮೂರು ಪುಟ ಮುಗಿಯುವವರೆಗೂ.